ಇಳಿಯುವ ದಾರಿ

ಹವಾಲ್ದಾರ್ ಕಾಕಾ ಅವರ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳು ಯಾವಾಗ ನೋಡಿದರೂ ಬೆಳ್ಳಗಿರುತ್ತಿದ್ದವು. ರಂಗೋಲಿ ಪುಡಿ! ಸೈನ್ಯದಿಂದ ನಿವೃತ್ತರಾಗಿ ಮಗಳ ಮನೆಯಲ್ಲಿದ್ದ ಆರಡಿ ಆಳು, ಇಸ್ತ್ರಿ ಮಾಡಿದ ಖಾಕಿ ಚಡ್ಡಿ ತೊಟ್ಟು, ಮಂಡಿ ಮಡಿಸದೆ ಸೊಂಟದಿಂದಲೇ ಬಾಗಿ, ಬಾಲಿಗಂಜ್‌ನ ನಮ್ಮ ಹಳೇ ಕಟ್ಟಡದ ಬಾಗಿಲಲ್ಲಿ ಚುಕ್ಕಿ ಇಡುತ್ತಿದ್ದುದನ್ನು ಮೊದಲ ಸಲ ಕಂಡಾಗ ನಾನು ಕಿಸಕ್ಕನೆ ನಕ್ಕುಬಿಟ್ಟೆ.

"ನಗಬ್ಯಾಡ ತಂಗಿ. ಸಾಲ್ ತಪ್ಪಿದ್ರ ಪರೇಡ್ ಕೆಟ್ಟಂಗ," ಎಂದರು.

ಅಯ್ಯೋ, ಕನ್ನಡ! ಐಟಿ ಕೆಲಸವೆಂದು ಮೈಸೂರಿನಿಂದ ಬಂಗಾಳಕ್ಕೆ ಆಗಷ್ಟೇ ಬಂದಿದ್ದ ನನಗೆ ಅಳುವೇ ಬಂತು. ಬಂಗಾಳಿಯಲ್ಲೂ ಚಿಕ್ಕಪ್ಪನೆಂದರೆ ಕಾಕಾ, ಅವರ ಧಾರವಾಡದಲ್ಲೂ ಕಾಕಾ. ನಾನೂ ಹಾಗೇ ಕರೆದೆ.

ಹೆಣ್ಣುಮಕ್ಕಳಿಲ್ಲದ ಮನೆಯಲ್ಲಿ ಹುಟ್ಟಿದ್ದರಿಂದ ತಾಯಿ ಇವರಿಗೇ ರಂಗೋಲಿ ಕಲಿಸಿದ್ದರಂತೆ. ಅದೇ ಕೈ ಮುಂದೆ ಕುಂಚ ಹಿಡಿಯಿತು. ಟ್ರಾಮ್, ಮೀನು ಮಾರುವ ಹೆಂಗಸರು, ಸದರ್ನ್ ಅವೆನ್ಯೂವಿನ ಮರಗಳು, ಕೆರೆಯ ದಂಡೆಯಲ್ಲಿ ವಾದ ಮಾಡುವ ಮುದುಕರು, ಎಲ್ಲ ಅವರ ಕಾಗದಕ್ಕಿಳಿದಿದ್ದರು. ನನ್ನ ಆಫೀಸಿನ ಕ್ಯಾಬ್ ಬಂದರೆ "ಬಂತ್ ನೋಡವ್ವಾ ನಿನ್ನ ಪಲ್ಲಕ್ಕಿ!" ಎಂದು ಛೇಡಿಸುತ್ತಿದ್ದರು. ರಜೆಯ ದಿನ ಹಿಡಿದು ಕೂರಿಸಿ ನನಗೂ ಚುಕ್ಕಿ ಇಡಿಸಿದರು.

ಒಮ್ಮೆ ಊರಿನ ನೆನಪು ವಿಪರೀತವಾಗಿ, ನನ್ನ ಮೇಜಿನ ಮೇಲಿದ್ದ ಫೋಟೋ ಕೊಟ್ಟು, "ಕಾಕಾ, ನಮ್ಮ ಚಾಮುಂಡಿ ಬೆಟ್ಟ ಬರೆದುಕೊಡಿ," ಎಂದೆ.

"ಗುಡ್ಡ ಒಂದ್ ಬಿಟ್ಟು ಏನ್ ಬೇಕಾದ್ರೂ ಕೇಳು."

"ಊರಿನ ಟ್ರಾಮೆಲ್ಲ ಬರೀತೀರ, ನಮ್ಮ ತಾಯಿ ಬೆಟ್ಟ ನಿಮಗೆ ಭಾರವಾಯ್ತಾ?"

ಅವರು ನಗಲಿಲ್ಲ. ಕುಂಚ ತೊಳೆದಿಟ್ಟರು.

"ಲಡಾಯಿಗೆ ಮೊದಲ ನೆಲದ ಮ್ಯಾಲ ಗುಡ್ಡದ ಮಾದರಿ ಮಾಡ್ತಾರ. ಉಸುಕು ಒಟ್ಟಿ ಗುಡ್ಡ, ನೀಲಿ ಪುಡೀಲೆ ಹಳ್ಳ, ಬಿಳಿ ಪುಡೀಲೆ ಮ್ಯಾಲ ಹತ್ತೂ ದಾರಿ. ರಂಗೋಲಿ ಬರತೈತಿ ಅಂತ ಆ ಕೆಲಸಕ್ಕ ನನ್ನ ಹಚ್ಚಿದ್ರು. ನಮ್ಮ ಹುಡುಗ್ರು ಸುತ್ತ ನಿಂತು, ‘ಭಾಳ ಛಂದ ತಗದೀರಿ’ ಅಂದು, ಅದ ದಾರೀಲೆ ಹತ್ತಿದ್ರು." ಸ್ವಲ್ಪ ಹೊತ್ತು ಬೆರಳುಗಳನ್ನೇ ನೋಡಿಕೊಂಡರು. "ಭಾಳ ಮಂದಿ ಇಳೀಲೇ ಇಲ್ಲ, ತಂಗಿ. ಇಳಿಯೂ ದಾರಿ ತಗೀ ಅಂತ ನನಗ ಯಾರೂ ಹೇಳಿರಲಿಲ್ಲ."

ಆ ಯುದ್ಧದ ನಂತರ ಅವರು ಗುಡ್ಡ ಬರೆದಿರಲಿಲ್ಲ. ನಾನು ಮತ್ತೆ ಬೆಟ್ಟದ ಮಾತೆತ್ತಲಿಲ್ಲ. ಆ ಫೋಟೋ ಮಾತ್ರ ಅವರಲ್ಲೇ ಉಳಿಯಿತು.

ಕೆಲವು ವರ್ಷಗಳ ನಂತರ ನಾನು ಮೈಸೂರಿಗೆ ಮರಳುವ ದಿನ ಕಾಕಾ ಒಂದು ಸುರುಳಿ ತಂದುಕೊಟ್ಟರು. ಬಿಚ್ಚಿದರೆ ಚಾಮುಂಡಿ ಬೆಟ್ಟ! ನಂದಿಯ ಮೂತಿ ಅವರ ಊರಿನ ಎಮ್ಮೆಯ ಹಾಗಿತ್ತು, ಹೋಗಲಿ. ಮೆಟ್ಟಿಲ ತುಂಬ ಜನ. ನೋಡುತ್ತಾ ನೋಡುತ್ತಾ ನನಗೊಂದು ಅನುಮಾನ ಬಂತು.

"ಕಾಕಾ, ಬೆಟ್ಟ ಹತ್ತೋರು ಒಬ್ಬರೂ ಇಲ್ವಲ್ಲ?"

"ಹತ್ತೂದು ಒಮ್ಮೆ ತಗದೀನಲ್ಲ. ಇವ್ರೆಲ್ಲಾ ಇಳಿದು ಮನಿಗೆ ಹೊಂಟಾರ," ಎಂದರು. ಮುಖದಲ್ಲಿ ಹಗುರವಾದ ನಗು.

ಮುಂದಿನ ಚಳಿಗಾಲದಲ್ಲಿ ಅವರ ಮಗಳು ಫೋನ್ ಮಾಡಿ, ಅಪ್ಪ ತೀರಿಕೊಂಡರು ಎಂದಳು. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ; ನನಗೆ ಸೂತಕವಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಪುಡಿಯ ಬಟ್ಟಲು ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ಬರೀ ಹೊಸ್ತಿಲು ನೋಡಿ ಪಕ್ಕದ ಮನೆಯವರು ಗಾಬರಿಯಾದರು.

"ಯಾಕ್ರೀ, ರಂಗೋಲಿ ಹಾಕಿಲ್ಲ? ಮನೇಲಿ ಏನಾಯ್ತು?"

"ನಮ್ಮ ಚಿಕ್ಕಪ್ಪ ಹೋಗ್ಬಿಟ್ರು," ಎಂದೆ.