ಲಿಫ್ಟಣ್ಣ ಎತ್ತಿದ ಭಾರ

ಲಿಫ್ಟಣ್ಣನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಒಂದು ಮಂಡಿ ಮೇಲೆತ್ತಿಕೊಂಡೇ ಕೂರುವನು, ಕರೆದರೆ ತಟ್ಟನೆ ಏಳಬೇಕಲ್ಲ. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲನ್ನು ಅರ್ಧ ತೆರೆದೇ ಇಡುವನು. ಮೈಗೆಲ್ಲ ಸೋಪು ಹಚ್ಚಿಕೊಂಡ ಮೇಲೆ ಕೋಣೆಯಲ್ಲಿ ಏನೋ ಸದ್ದಾಯಿತೆಂದು ಟವೆಲ್ ಸುತ್ತಿಕೊಂಡು ಓಡಿಬಂದು, ಸದ್ದು ಪಕ್ಕದ ಮನೆಯದೆಂದು ತಿಳಿದು, ನೆಲವೆಲ್ಲ ನೊರೆ ಮಾಡಿ ವಾಪಸು ಹೋದದ್ದು ಒಂದೆರಡು ಸಲವಲ್ಲ. ನಿದ್ದೆಯಲ್ಲೂ "ಬಂದೆ, ಬಂದೆ" ಅನ್ನುತ್ತಿದ್ದ. ಯಾರೂ ಕರೆದಿರುತ್ತಿರಲಿಲ್ಲ.

ಅವನ ಕೆಲಸ ಲಿಫ್ಟು ರಿಪೇರಿ. ಅಪ್ಪ ಅಮ್ಮ ಇಟ್ಟ ಹೆಸರನ್ನು ಸಂಬಳ ಕೊಡುವವರು ಮಾತ್ರ ನೆನಪಿಟ್ಟುಕೊಂಡಿದ್ದರು, ಉಳಿದವರಿಗೆಲ್ಲ ಅವನು ಲಿಫ್ಟಣ್ಣನೇ. ಊರಿನ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಏನಿದೆಯೆಂದು ಬಲ್ಲ ಈ ಮನುಷ್ಯ ತಾನು ಬಾಡಿಗೆಗೆ ಹಿಡಿದದ್ದು ಲಿಫ್ಟಿಲ್ಲದ ಕಟ್ಟಡದ ಎರಡನೇ ಮಹಡಿಯ ಮನೆ. ಹುಡುಕಿದವಳು ಹೆಂಡತಿ. ಅವಳು ಶಾಲೆಯಲ್ಲಿ ಪಿ.ಟಿ. ಟೀಚರು. ಮಕ್ಕಳನ್ನು ಓಡಿಸಿ, ನೆಗೆಸಿ, ಸಂಜೆ ಮನೆಗೆ ಬಂದರೂ ಎರಡೆರಡು ಮೆಟ್ಟಿಲು ಹಾರಿಕೊಂಡು ಹತ್ತುವಳು. "ಕಾಲಿದ್ದೋರಿಗೆ ಲಿಫ್ಟ್ ಯಾಕ್ರೀ? ಈ ಊರಿನ ಜನಕ್ಕೆಲ್ಲ ಹೊಟ್ಟೆ ಬಂದಿರೋದು ನಿಮ್ಮಿಂದಾನೇ" ಎಂದು ಗಂಡನ ಕಸುಬನ್ನೇ ಆಡಿಕೊಳ್ಳುವಳು. ಅವನಿಗೆ ಅದು ಖುಷಿಯೇ. ಮಕ್ಕಳಾಗಲಿಲ್ಲವೆಂಬ ಕೊರಗು ಇಬ್ಬರಿಗೂ ಇತ್ತು, ಇಬ್ಬರೂ ಅದನ್ನು ಹೆಚ್ಚು ಕೆದಕಲಿಲ್ಲ.

ಎರಡು ವರ್ಷದ ಹಿಂದೆ ಅವಳು ಮೈದಾನದಲ್ಲಿ, ಸಾಲಾಗಿ ನಿಂತ ಮಕ್ಕಳ ಎದುರಿಗೇ ಕುಸಿದುಬಿದ್ದಳು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಕೊನೆಗೆ ಉಳಿದದ್ದು "ಹೂಂ", "ಬೇಡ", "ಸಾಕು" ಮತ್ತು "ರೀ". ಇನ್ನೊಂದು ಮಾತು ಬೇಕೆಂದರೆ ತುಂಬ ತಿಣುಕಬೇಕು. ಆ "ರೀ" ಒಂದರಲ್ಲೇ ಬಾಯಾರಿಕೆಯಾಗಿದೆ, ಬೆನ್ನು ಉರಿಯುತ್ತಿದೆ, ಕಿಟಕಿ ಮುಚ್ಚಿ, ಸುಮ್ಮನೆ ಕರೆದೆ ಎಲ್ಲವೂ ಸೇರಿಹೋಗಿದ್ದವು. ಯಾವುದೆಂದು ಊಹಿಸುವುದು ಲಿಫ್ಟಣ್ಣನ ಹಣೆಬರಹ. ತಪ್ಪು ಊಹಿಸಿದರೆ ಅವಳು ಕಣ್ಣು ಕೆಂಪಗೆ ಮಾಡಿಕೊಳ್ಳುವಳು, ಅವನು ಕೋಪ ಮಾಡಿಕೊಳ್ಳುವನು. ಒಂದು ಸಲ ಲೋಟವನ್ನು ಗೋಡೆಗೆ ಎಸೆದೇಬಿಟ್ಟ. ಆಮೇಲೆ ತಾನೇ ಚೂರು ಗುಡಿಸುತ್ತ, ತನ್ನಂಥ ಕೆಟ್ಟವನು ಭೂಮಿಯ ಮೇಲಿಲ್ಲವೆಂದು ಒಳಗೊಳಗೇ ಬೆಂದ.

ಬೆಳಗ್ಗೆ ಅರ್ಧ ದಿನ ಮಾತ್ರ ಕೆಲಸಕ್ಕೆ ಹೋಗುತ್ತಿದ್ದ. ಅಷ್ಟು ಹೊತ್ತು ಕೆಳಗಡೆ ಇಸ್ತ್ರಿ ಅಂಗಡಿ ಇಟ್ಟಿದ್ದವನ ಹೆಂಡತಿ ಮೇಲೆ ಬಂದು ಕೂರುವಳು. ಕೂರುವುದಷ್ಟೇ. ಎತ್ತುವುದು, ತೊಳೆಯುವುದು, ಉಣಿಸುವುದು ಇವನೇ ಆಗಬೇಕು. ಹೆಂಡತಿಯ ತಂಗಿ ಪುಟ್ಟಿ, ಎರಡು ಬೀದಿ ಆಚೆ ಜೆರಾಕ್ಸ್ ಅಂಗಡಿ ಇಟ್ಟವಳು, ಶುರುವಿನಲ್ಲಿ ದಿನವೂ ಬಂದು ಕೇಳಿದಳು.

"ಭಾವ, ರಾತ್ರಿ ನಾನಿರ್ತೀನಿ, ನೀವು ಮಲಗಿ."

"ಯಾಕೆ, ನನ್ನ ಕೈಲಿ ಆಗಲ್ವಾ?"

"ಆಗಲ್ಲ ಅಂದ್ನಾ? ಸ್ವಲ್ಪ ಸುಧಾರಿಸ್ಕೊಳ್ಳಿ ಅಂದೆ."

"ನಿಂಗೆ ನಿನ್ನ ಅಂಗಡಿ ಇದೆ. ನಮ್ಮ ಮನೆ ವಿಷಯ ನಾನು ನೋಡ್ಕೋತೀನಿ."

ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳಿಸಿಕೊಂಡರೆ ಯಾರು ಬರುತ್ತಾರೆ? ಅವಳು ಬರುವುದು ಕಡಿಮೆ ಮಾಡಿದಳು. ಫೋನಿನಲ್ಲಿ "ಅಕ್ಕ ಹೇಗಿದಾಳೆ?" ಎಂದು ಕೇಳುವಳು. ಮೆಟ್ಟಿಲಲ್ಲಿ ಸಿಕ್ಕವರು, ಕಟ್ಟಡಗಳ ಕಾವಲುಗಾರರು, ಜೊತೆ ಕೆಲಸದವರು ಎಲ್ಲರೂ ಅದನ್ನೇ ಕೇಳುವರು. "ಪರವಾಗಿಲ್ಲ" ಎಂದು ಇವನು ಓಡುವನು. ನೀನು ಹೇಗಿದ್ದೀಯಪ್ಪಾ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಅದಕ್ಕೂ "ಪರವಾಗಿಲ್ಲ" ಎಂದೇ ಅಂದಿರುತ್ತಿದ್ದ, ಅಷ್ಟು ಹಟಮಾರಿ.

ಅವಳನ್ನು ಎತ್ತುವುದೇ ದೊಡ್ಡ ಕೆಲಸ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ತಿರುಗಿ ಮಂಚಕ್ಕೆ. ಅವಳ ಕಂಕುಳಿಗೆ ಕೈಹಾಕಿ, ಅವಳ ಕೆನ್ನೆ ತನ್ನ ಕೆನ್ನೆಗೆ ತಾಗುವಂತೆ ತಬ್ಬಿಕೊಂಡು ಏಳಬೇಕು. ಮೊದಮೊದಲು ಸಲೀಸಾಗಿ ಆಗುತ್ತಿತ್ತು. ಬರಬರುತ್ತ ಎದ್ದಾಗ ಕಣ್ಣಿಗೆ ಕತ್ತಲೆ ಬರತೊಡಗಿತು. ಸಂಕಟವನ್ನು ತಮಾಷೆಯಲ್ಲಿ ಮುಚ್ಚಿಹಾಕುವುದು ಅವನ ಹಳೇ ಅಭ್ಯಾಸ.

"ಏನೇ ಟೀಚರಮ್ಮ, ದಿನೇ ದಿನೇ ಆನೆ ಆಗ್ತಿದೀಯ! ನನಗೆ ಗೊತ್ತಿಲ್ದೆ ಏನು ತಿಂತೀಯ?"

ಅವಳು ಬಾಯಿ ಸೊಟ್ಟ ಮಾಡಿ ನಗುವಳು. ದಿನಕ್ಕೆ ನಾಲ್ಕು ಸಲ ಈ ಮಾತು ಆಡುತ್ತಿದ್ದ. ಆಡುತ್ತ ಆಡುತ್ತ ತಾನೇ ನಂಬಿಬಿಟ್ಟ. ಮಲಗಿದಲ್ಲೇ ಇರುವವರಿಗೆ ಮೈ ಬರುತ್ತದೆ, ಏನು ಮಾಡುವುದು ಅಂದುಕೊಂಡ. ಉಣಿಸುವಾಗ ಎರಡು ಚಮಚಕ್ಕೇ ಅವಳು "ಸಾಕು" ಎಂದು ತುಟಿ ಬಿಗಿದರೆ, ರೋಗದವರ ಊಟ ಇಷ್ಟೇ ಎಂದು ಬಟ್ಟಲು ಎತ್ತಿಡುವನು.

ಒಂದು ದಿನ ಅವನು ಸ್ನಾನ ಮಾಡುವಾಗ ತನ್ನ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತು. ಒತ್ತಿದರೆ ಒಳಗೆ ಹೋಯಿತು, ಕೆಮ್ಮಿದರೆ ಹೊರಗೆ ಬಂತು. ಡಾಕ್ಟರು ನೋಡಿ, ಹರ್ನಿಯಾ ಅಂದರು.

"ಏನು ಕೆಲಸ ಮಾಡ್ತೀರಿ?"

"ಲಿಫ್ಟ್ ರಿಪೇರಿ."

"ಅಲ್ಲಿ ಮೆಷಿನ್ ಎತ್ತುತ್ತೆ. ನೀವೇನು ಎತ್ತುತ್ತೀರಿ?"

"ಏನಿಲ್ಲ ಸಾರ್."

"ಏನೂ ಎತ್ತದೆ ಇದು ಬರಲ್ಲ. ಆಪರೇಷನ್ ಮಾಡ್ಸಿ. ಇಲ್ಲಾಂದ್ರೆ ಒಂದಿನ ಇದು ಒಳಗೆ ಹೋಗಲ್ಲ ಅಂತ ಕೂತ್ಕೊಳ್ಳುತ್ತೆ. ಅವತ್ತು ತಡ ಮಾಡಿದ್ರೆ ಜೀವಕ್ಕೇ ಅಪಾಯ. ಆಪರೇಷನ್ ಆದ್ಮೇಲೂ ಕೆಲವು ತಿಂಗಳು ಒಂದು ಬಿಂದಿಗೆ ನೀರೂ ಎತ್ತೋ ಹಾಗಿಲ್ಲ."

ಬಿಂದಿಗೆಯ ಮಾತು ಕೇಳಿದ್ದೇ ಲಿಫ್ಟಣ್ಣ ಎದ್ದು ಬಂದ. ತಾನು ಆಸ್ಪತ್ರೆಯಲ್ಲಿ ಮಲಗಿದರೆ ಅವಳನ್ನು ಎತ್ತುವವರು ಯಾರು? ಪುಟ್ಟಿಯನ್ನು ಕೇಳುವುದೇ? ಅಷ್ಟು ಮಾತಾಡಿ ಕಳಿಸಿದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳುವುದು? ಔಷಧಿ ಅಂಗಡಿಯಲ್ಲಿ ಒಂದು ಬೆಲ್ಟು ಕೊಂಡು ಪ್ಯಾಂಟಿನೊಳಗೆ ಕಟ್ಟಿಕೊಂಡ. ಗಂಟು ಹೊರಬಂದಾಗಲೆಲ್ಲ ಗೋಡೆಯ ಕಡೆ ತಿರುಗಿ ಮಲಗಿ, ಅಂಗೈಯಿಂದ ಒಳಗೆ ತಳ್ಳುತ್ತಿದ್ದ. ಹೆಂಡತಿಗೆ ಗೊತ್ತಾಗಿಲ್ಲವೆಂಬ ಧೈರ್ಯ ಬೇರೆ! ಎತ್ತುವಾಗ ತನ್ನ ಬಾಯಿ ಅವಳ ಕಿವಿಯ ಪಕ್ಕದಲ್ಲೇ ಇರುತ್ತದೆಂಬುದು ಈ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಆಮೇಲಂತೂ ಅವನ ಚಡಪಡಿಕೆಗೆ ಮಿತಿಯೇ ಇಲ್ಲದಾಯಿತು. ಸ್ಕ್ರೂಡ್ರೈವರ್ ಎಲ್ಲೋ ಇಟ್ಟು ಎಲ್ಲೋ ಹುಡುಕುವನು, ಫೋನು ಹೊಡೆದುಕೊಳ್ಳದಿದ್ದರೂ ಜೇಬು ಮುಟ್ಟಿ ನೋಡುವನು. ಹಾಗೆ ಒಂದು ಬೆಳಗ್ಗೆ ಯಾವುದೋ ಕಟ್ಟಡದ ನೆತ್ತಿಯಲ್ಲಿರುವ ಮೆಷಿನ್ ರೂಮಿನಲ್ಲಿ ಗ್ರೀಸು ಹಚ್ಚುತ್ತಿದ್ದಾಗ ತಲೆಗೆ ಒಂದು ಯೋಚನೆ ಬಂತು. ಲಿಫ್ಟಿನ ಪೆಟ್ಟಿಗೆಯನ್ನು ಮೋಟಾರು ಒಂದೇ ಎತ್ತುತ್ತದೆಂದು ಜನ ತಿಳಿದಿದ್ದಾರೆ. ಹಗ್ಗದ ಇನ್ನೊಂದು ತುದಿಗೆ, ಯಾರಿಗೂ ಕಾಣದ ಹಾಗೆ, ಕಬ್ಬಿಣದ ಗಟ್ಟಿಗಳ ಒಂದು ಚೌಕಟ್ಟು ನೇತಾಡುತ್ತಿರುತ್ತದೆ. ಮೆಕ್ಯಾನಿಕ್ಕುಗಳು ಅದಕ್ಕೆ ವೇಟು ಅನ್ನುತ್ತಾರೆ. ಎರಡೂ ಕಡೆ ಸಮ ತೂಗಿದರೆ ಮೋಟಾರಿಗೆ ಉಳಿಯುವ ಕೆಲಸ ಅತ್ತ ಇತ್ತ ತಳ್ಳುವುದಷ್ಟೇ. ಮನೆಯಲ್ಲೂ ಇದನ್ನೇ ಮಾಡಿದರೆ? ಅವಳಷ್ಟೇ ತೂಕದ ವೇಟು ಕಟ್ಟಿದರೆ ಬೆರಳಲ್ಲಿ ಎತ್ತಬಹುದು. ಯಾರ ಹಂಗೂ ಬೇಡ!

ಬಿಚ್ಚಿ ಎಸೆದ ಹಳೇ ಲಿಫ್ಟೊಂದರ ರಾಟೆ, ಬ್ರೇಕು, ಕಬ್ಬಿಣದ ಗಟ್ಟಿಗಳು ಗುಜರಿಯಲ್ಲಿ ಸಿಕ್ಕವು. ಇಸ್ತ್ರಿಯವನು ಹೊತ್ತು ತಂದು ಮೇಲೆ ಹಾಕಿದ, "ಏನ್ ಲಿಫ್ಟಣ್ಣ, ಮನೇಲೇ ಫ್ಯಾಕ್ಟರಿನಾ?" ಎಂದು ನಕ್ಕು ಹೋದ. ಕೋಣೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಕಬ್ಬಿಣದ ತೊಲೆ ಕೂತಿತು. ಸೋಫಾ ಹೊಲಿಯುವವನ ಹತ್ತಿರ ದಪ್ಪ ಕ್ಯಾನ್ವಾಸಿನ ತೊಟ್ಟಿಲಿನಂಥ ಸೀಟು ಹೊಲಿಸಿದ. ತೊಲೆಯ ರಾಟೆಯ ಮೇಲೆ ಹಾಯ್ದ ಹಗ್ಗದ ಒಂದು ತುದಿ ಸೀಟಿಗೆ, ಇನ್ನೊಂದು ತುದಿ ವೇಟಿಗೆ, ಬ್ರೇಕಿನ ಹಿಡಿಕೆ ಕೆಳಗೆ ಗೋಡೆಯ ಬುಡದಲ್ಲಿ. ಎಷ್ಟೋ ತಿಂಗಳ ಮೇಲೆ ಅವನು ಶಿಳ್ಳೆ ಹಾಕುತ್ತ ಕೆಲಸ ಮಾಡಿದ. ಅವಳು ಮಲಗಿದಲ್ಲಿಂದಲೇ ಗಂಡನ ಹುಚ್ಚಾಟವನ್ನು ನೋಡುತ್ತಿದ್ದಳು.

ಇನ್ನು ವೇಟು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳು ಐವತ್ತೆಂಟು ಕೆ.ಜಿ. ಇದ್ದದ್ದು ಅವನಿಗೆ ನೆನಪಿತ್ತು. ಈಗ ಇನ್ನೂ ಭಾರವಾಗಿದ್ದಾಳೆ, ಅದು ಅವನ ಸೊಂಟಕ್ಕೇ ಗೊತ್ತು. ಆರು ಕೆ.ಜಿ. ಸೇರಿಸಿ ಅರವತ್ತನಾಲ್ಕು ಮಾಡಿ ಕಟ್ಟಿದ.

ಭಾನುವಾರ ಮಧ್ಯಾಹ್ನ. ಎಲ್ಲ ಸರಿಹೋದ ಮೇಲೆ ಜನರನ್ನು ಕರೆದು ತೋರಿಸೋಣ, ಅಲ್ಲಿಯವರೆಗೆ ಯಾರೂ ಒಳಗೆ ಬರುವುದು ಬೇಡವೆಂದು ಮುಂಬಾಗಿಲಿಗೆ ಚಿಲಕ ಹಾಕಿ ಬಂದ. ಅವಳನ್ನು ಉರುಳಿಸಿ ಸೀಟಿನಲ್ಲಿ ಕೂರಿಸಿ, ಪಟ್ಟಿ ಬಿಗಿದ.

"ರೀ" ಅಂದಳು, ಅನುಮಾನದಿಂದ.

"ಹೆದರ್ಬೇಡ್ವೇ. ಊರೋರ್ನೆಲ್ಲ ಮೇಲೆ ಕಳ್ಸಿದೀನಿ, ನಿನ್ನ ಬೀಳಿಸ್ತೀನಾ?"

ಬ್ರೇಕು ಬಿಟ್ಟ. ಅವಳು ಅಲುಗಾಡದೆ ನಿಲ್ಲಬೇಕಿತ್ತು. ಅದರ ಬದಲು ಯಾರೋ ಕೈಹಿಡಿದು ಎಳೆದುಕೊಂಡಂತೆ ಅವಳು ಮೇಲಕ್ಕೆ ಹೊರಟಳು. ಮಂಚ ಬಿಟ್ಟಳು, ಕಿಟಕಿಯ ಎತ್ತರ ದಾಟಿದಳು. ಇತ್ತ ಕಬ್ಬಿಣ ಇಳಿಯುತ್ತಲೇ ಇತ್ತು. ಲಿಫ್ಟಣ್ಣ ಓಡಿಹೋಗಿ ವೇಟನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು, ಮೈಯಲ್ಲಿದ್ದ ಬಲವೆಲ್ಲ ಹಾಕಿ ಇಳಿಯದಂತೆ ತಡೆದು, ಕಾಲಿನಿಂದ ಬ್ರೇಕು ಒದ್ದ. ರಾಟೆ ನಿಂತಿತು. ಅಷ್ಟರಲ್ಲಿ ತೊಡೆಸಂದಿಯಲ್ಲಿ ಏನೋ ಹರಿದುಹೋದಂತಾಗಿ ಅವನು ನೆಲಕ್ಕೆ ಕುಸಿದ.

ಅವಳು ಬೀರುವಿನ ಎತ್ತರದಲ್ಲಿ ನಿಧಾನವಾಗಿ ತೂಗಾಡುತ್ತಿದ್ದಳು. ಅವನು ಕೆಳಗೆ ಮಂಡಿ ಮಡಚಿಕೊಂಡು ಬಿದ್ದಿದ್ದ. ಅಂಗೈಯಿಂದ ಗಂಟನ್ನು ಒತ್ತಿದ. ಹೋಗಲಿಲ್ಲ. ಉಸಿರು ಬಿಗಿಹಿಡಿದು ಮತ್ತೆ ಒತ್ತಿದ. ಕಲ್ಲಿನ ಹಾಗೆ ಕೂತಿತ್ತು. ಮೈಯೆಲ್ಲ ತಣ್ಣಗೆ ಬೆವೆತಿತು. ಅಷ್ಟು ನೋವಿನಲ್ಲೂ ಅವನೊಳಗಿನ ಮೆಕ್ಯಾನಿಕ್ಕು ಲೆಕ್ಕ ಹಾಕುತ್ತಿದ್ದ. ಅಷ್ಟು ಜೋರಾಗಿ ಮೇಲೆ ಹೋಗಬೇಕಾದರೆ ಒಂದೆರಡು ಕೆ.ಜಿ. ವ್ಯತ್ಯಾಸ ಸಾಲದು. ಹದಿನೈದು, ಇಪ್ಪತ್ತಾದರೂ ಇರಬೇಕು. ಹಾಗಾದರೆ ಅವಳು ಭಾರವಾಗಿಯೇ ಇಲ್ಲ! ಕರಗಿ ಅರ್ಧವಾಗಿದ್ದಾಳೆ. ಇಷ್ಟು ದಿನ ಸೋತುಹೋಗುತ್ತಿದ್ದದ್ದು ತಾನು.

ಕೆಳಗಿನಿಂದ ನೋಡಿದಾಗ ಅವಳ ಪಾದ ಕಂಡಿತು, ಕಾಲಿನ ಮೂಳೆ ಕಂಡಿತು, ಸಡಿಲವಾದ ನೈಟಿಯೊಳಗೆ ಏನೂ ಇಲ್ಲದ್ದು ಕಂಡಿತು. ದಿನಾ ಕೈಯಲ್ಲಿ ಹಿಡಿದವನಿಗೆ ಇದು ಕಂಡಿರಲಿಲ್ಲ.

"ಎಲ್ಲಿ ಹೋಯ್ತೇ ನಿನ್ನ ಮೈ?" ಎಂದ, ಅಳುತ್ತ.

ಅವಳು ಎಡಗೈಯನ್ನು ಬಾಯಿಯ ಹತ್ತಿರ ತಂದು, ಇಲ್ಲದ ಚಮಚವನ್ನು ದೂರ ತಳ್ಳಿದಳು. "ಸಾಕು" ಅಂದಳು. ಆಮೇಲೆ ಮಾತಿಗಾಗಿ ತುಂಬ ಹೊತ್ತು ತಿಣುಕಿದಳು. "ಭಾರ... ನಿಮ್ಗೆ... ಭಾರ."

ಲಿಫ್ಟಣ್ಣನಿಗೆ ಎಲ್ಲ ಅರ್ಥವಾಯಿತು. ಎರಡು ಚಮಚ ಆಗುವುದರೊಳಗೆ ಅವಳು ತುಟಿ ಬಿಗಿಯುತ್ತಿದ್ದದ್ದು ರೋಗದಿಂದ ಅಲ್ಲ. ಆನೆ ಆಗುತ್ತಿದ್ದೀಯ ಎಂದು ತಾನು ದಿನಕ್ಕೆ ನಾಲ್ಕು ಸಲ ನಗುತ್ತಿದ್ದದ್ದು, ಎತ್ತುವಾಗ ಹಲ್ಲು ಕಚ್ಚಿ ನರಳಿದ್ದು, ಎಲ್ಲವೂ ಅವಳ ಕಿವಿಗೇ ಬಿದ್ದಿತ್ತು. ಬಾಯಿ ಬಿಟ್ಟು ಬಯ್ಯಲಾಗದವಳು ಹಸಿದುಕೊಂಡು ಹಗುರವಾಗಿದ್ದಳು. ಅವನಿಗೆ ನಾಚಿಕೆಯಾಯಿತು. ನೋವಿಗಿಂತ ಅದೇ ಹೆಚ್ಚಾಯಿತು.

"ನನ್ನ ಕೈಲಿ ಆಗ್ತಿಲ್ಲ ಕಣೇ" ಎಂದ. ಎರಡು ವರ್ಷದಲ್ಲಿ ಈ ಮಾತು ಅವನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. "ಯಾವಾಗಿಂದ್ಲೋ ಆಗ್ತಿಲ್ಲ."

"ಹೂಂ" ಅಂದಳು ಅವಳು. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಜೇಬಿನಿಂದ ಫೋನು ತೆಗೆದು ಪುಟ್ಟಿಗೆ ಮಾಡಿದ.

"ಏನು ಭಾವ, ಅಪರೂಪಕ್ಕೆ? ಅಕ್ಕಂಗೇನಾಯ್ತು?"

"ಅಕ್ಕಂಗೇನೂ ಆಗಿಲ್ಲ. ನಂಗಾಗಿದೆ ಪುಟ್ಟಿ. ಬೇಗ ಬಾ."

ಚಿಲಕ ಹಾಕಿದ್ದು ಆಗ ನೆನಪಾಯಿತು. ಬೇರೆ ದಾರಿಯಿರಲಿಲ್ಲ, ಒಂದು ಪಕ್ಕಕ್ಕೆ ಹೊರಳಿ ಮೊಣಕೈಯಲ್ಲಿ ತೆವಳಿಕೊಂಡು ಹೊರಟ. ಕೋಣೆಯ ಹೊಸ್ತಿಲ ಹತ್ತಿರ ವಾಂತಿಯಾಯಿತು. ಹಿಂದಿನಿಂದ "ರೀ... ರೀ..." ಎಂದು ಅವಳು ಕರೆಯುತ್ತಲೇ ಇದ್ದಳು. ಈ ಸಲದ "ರೀ"ಗೆ ಊಹೆ ಬೇಕಾಗಿರಲಿಲ್ಲ. ಎದ್ದು ನಿಲ್ಲಲಾಗದೆ, ಗೋಡೆಗೆ ಒರಗಿಸಿದ್ದ ಕೊಡೆಯ ತುದಿಯಿಂದ ಚಿಲಕವನ್ನು ತಳ್ಳಿ ತಳ್ಳಿ ಸರಿಸಿದ. ಅಲ್ಲೇ, ಬಾಗಿಲ ಪಕ್ಕದಲ್ಲಿ, ಚಪ್ಪಲಿಗಳ ನಡುವೆ ಬಿದ್ದುಕೊಂಡ.

ಪುಟ್ಟಿ ಇಸ್ತ್ರಿಯವನನ್ನೂ ಎಳೆದುಕೊಂಡು ಏದುಸಿರು ಬಿಡುತ್ತ ಬಂದಳು. ಬಾಗಿಲು ನೂಕಿದವಳ ಕಣ್ಣು ನೇರವಾಗಿ ಕೋಣೆಯೊಳಕ್ಕೆ ಹೋಯಿತು. ಅಕ್ಕ ಗಾಳಿಯಲ್ಲಿ ನೇತಾಡುತ್ತಿದ್ದಳು! "ಅಯ್ಯೋ ಅಕ್ಕಾ! ಏನಿದು!" ಎಂದು ಕಿರುಚಿ, ಬಾಗಿಲ ಬುಡದಲ್ಲಿ ಬಿದ್ದಿದ್ದವನನ್ನು ದಾಟಿಕೊಂಡು ಒಳಗೆ ಓಡಿ, ಎರಡೂ ಕೈ ಚಾಚಿ ಅಕ್ಕನ ಕಾಲು ಹಿಡಿದುಕೊಂಡಳು. ಇಸ್ತ್ರಿಯವನೂ ಹಿಂದೆಯೇ ಓಡಿ ಹಗ್ಗಕ್ಕೆ ಕೈಹಾಕಿದ.

"ಬೇಡ!"

ಇಬ್ಬರೂ ಬೆಚ್ಚಿ ಕೈಬಿಟ್ಟರು. ಅವಳು ಮೇಲಿನಿಂದ ಎಡಗೈ ಚಾಚಿ ಬಾಗಿಲ ಕಡೆ ತೋರಿಸುತ್ತಿದ್ದಳು. ಕತ್ತಿನ ನರವೆಲ್ಲ ಉಬ್ಬಿತ್ತು.

"ಅವ್ರು" ಅಂದಳು. ಮುಂದಿನ ಮಾತಿಗೆ ತುಟಿ ಅದುರಿತು, ಹೊರಳಿತು, ಕೊನೆಗೆ ಬಂತು. "ಮೊದ್ಲು... ಅವ್ರು."

ಪುಟ್ಟಿ ತಿರುಗಿ, ತಾನು ದಾಟಿಕೊಂಡು ಬಂದ ಭಾವನ ಮುಖ ನೋಡಿದಳು.