ಮೈಗಿಂತ ಉದ್ದದ ಮೀಸೆ

ಆ ದುಂಬಿಯ ಮೀಸೆ ಅದರ ಮೈಗಿಂತ ಉದ್ದ. ನನಗೆ ಬೇಕಾಗಿದ್ದದ್ದೂ ಆ ಮೀಸೆಯೇ. ಶಿಡ್ಲಘಟ್ಟದ ಹತ್ತಿರ ಒಂದು ಹಿಪ್ಪುನೇರಳೆ ತೋಟದಲ್ಲಿ, ಕ್ಯಾಮೆರಾ ಹಿಡಿದು ಮೊಣಕೈ ಊರಿ, ಒಂದು ಗಂಟೆಯಿಂದ ಮಣ್ಣಲ್ಲಿ ಮಲಗಿದ್ದೆ. ಜೋರಾಗಿ ಉಸಿರು ಬಿಟ್ಟರೂ ಫೋಕಸ್ ತಪ್ಪುತ್ತಿತ್ತು. ಕೊನೆಗೂ ಅದು ಮುಖ ಎತ್ತಿತು. ಅಷ್ಟರಲ್ಲಿ ತೋಟದ ಅಜ್ಜಿ ಬಂದು, ದುಂಬಿಯನ್ನು ಗಿಡದ ಕಡ್ಡಿಯಿಂದ ಕಿತ್ತು, ಚಪ್ಪಲಿಯಲ್ಲಿ ಹೊಸಕಿಯೇಬಿಟ್ಟರು.

“ಅಯ್ಯೋ ಅಜ್ಜಿ! ಅದರ ಫೋಟೋ ತೆಗೀತಿದ್ದೆ!”

“ಗಿಡ ಕೊರೆಯೋ ಹಾಳು ಹುಳ ಕಣಪ್ಪ ಅದು. ಅದನ್ನ ಬಿಟ್ರೆ ನಮ್ಮ ರೇಷ್ಮೆ ಹುಳ ಏನು ತಿನ್ಬೇಕು?”

ನನ್ನ ಮುಖ ನೋಡಿ ಅಜ್ಜಿಗೆ ಪಾಪ ಅನ್ನಿಸಿರಬೇಕು. ಗಿಡಗಳ ಸಾಲಿನೊಳಗೆ ಹೋಗಿ, ಹತ್ತು ನಿಮಿಷಕ್ಕೆ ಸೆರಗಿನಲ್ಲಿ ಮೂರು ದುಂಬಿ ಹಿಡಿದು ತಂದರು. ಮೂರಕ್ಕೂ ಜೀವವಿತ್ತು. ಕೈಮುಗಿಯೋಣ ಅನ್ನಿಸಿತು.

“ಹೆದರ್ಕೋಬೇಡಪ್ಪ, ಹತ್ರದಿಂದಾನೇ ತೆಗಿ. ಕಣ್ಣಿಗೆ ಚುಚ್ಚೀತು ಅಂತ ಮೀಸೆ ಎಲ್ಲಾ ಕಿತ್ತಾಕಿದೀನಿ.”

ಬೋಳು ತಲೆಯ ಮೂರು ದುಂಬಿಗಳ ಫೋಟೋ ತೆಗೆದೆ. ತೆಗೆಯದೆ ಏನು ಮಾಡಲಿ? ಅಜ್ಜಿ ಪಕ್ಕದಲ್ಲೇ ನಿಂತು, ಒಂದೊಂದು ಕ್ಲಿಕ್ ಆದಾಗಲೂ “ಆಯ್ತಾ?” ಅಂತ ಕೇಳಿ ಚಪ್ಪಲಿ ಎತ್ತುತ್ತಿದ್ದರು.