ದೊಡ್ಡವ್ವನ ಪಥ್ಯ

ನಂಜನಗೂಡಿನ ಆಸ್ಪತ್ರೆಯಲ್ಲಿ ಬ್ಯಾಂಡೇಜು ಬಿಚ್ಚಿದ ನರ್ಸಮ್ಮ ಗಾಯಕ್ಕಿಂತ ಹೆಚ್ಚು ಹೊತ್ತು ನನ್ನ ದೊಡ್ಡವ್ವನ ಬಡಕಲು ತೋಳನ್ನೇ ನೋಡಿದರು. ಆಗ ಇಸವಿ ಸಾವಿರದ ಒಂಬೈನೂರ ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಮೈಸೂರಿನಲ್ಲಿ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ತಿಂಗಳಾದರೂ ಗಾಯ ಕೂಡಿರಲಿಲ್ಲ. ಅದು ಆರುವವರೆಗೆ ಮುಂದಿನ ಚಿಕಿತ್ಸೆ ಶುರು ಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು.

“ಏನ್ ತಿಂತಿದ್ದೀರವ್ವಾ?” ನರ್ಸಮ್ಮ ಕೇಳಿದರು.

“ಗಂಜಿ, ಬ್ರೆಡ್ಡು ಕಣವ್ವ. ಮೊಟ್ಟೆ, ಕಾಳು ತಿಂದ್ರೆ ನಂಜಾಗಿ ಕೀವು ಕಟ್ತದಂತೆ. ಓದಿರೋನು, ನಮ್ ಉಡ್ಗನೇ ಬ್ಯಾಡ ಅಂದವ್ನೆ.”

ನಮ್ಮೂರು ಹೆಮ್ಮರಗಾಲದ ಮನೆಯಲ್ಲಿ ಆ ಪಥ್ಯವನ್ನು ಕಾಯುತ್ತಿದ್ದವನು ನಾನೇ. ಎಂ.ಎಸ್ಸಿ. ಮಾಡಿ, ದೇವರನ್ನೂ ನಂಬದೆ ಓಡಾಡುತ್ತಿದ್ದ ನಾನು ಇದೊಂದನ್ನು ಮಾತ್ರ ಪ್ರಶ್ನಿಸಿರಲಿಲ್ಲ. ನರ್ಸಮ್ಮ ನನ್ನತ್ತ ತಿರುಗಿ, “ಗೋಡೆ ಕಟ್ಟು ಅಂತೀರಿ, ಇಟ್ಟಿಗೆ ಮಾತ್ರ ಕೊಡಲ್ಲ ಅಂತೀರಿ. ಗಾಯ ಯಾವುದ್ರಲ್ಲಿ ಕೂಡ್ಬೇಕು ಸಾ?” ಎಂದರು.

ಅಂದು ಸಂಜೆಯೇ ಮೊಟ್ಟೆ ಬೇಯಿಸಿ ಸುಲಿದು ಕೊಟ್ಟೆ. ದೊಡ್ಡವ್ವ ಅದನ್ನು ಮುರಿದು ಅರ್ಧ ನನ್ನ ಬಾಯಿಗೆ ತುರುಕಿದಳು. “ಮೊದ್ಲು ನೀನ್ ತಿನ್ಲಾ. ನಂಜಾದ್ರೆ ನಿಂಗೇ ಆಗ್ಲಿ!”

ಆಮೇಲೆ ಗಾಯ ಮೂರು ವಾರಕ್ಕೆ ಕೂಡಿತೋ, ಐದಕ್ಕೋ, ಈಗ ಖಚಿತವಿಲ್ಲ. ಮೊಟ್ಟೆ, ಹುರುಳಿಕಾಳಿನಿಂದಲೇ ಕೂಡಿತೆಂದು ಪ್ರಮಾಣ ಮಾಡಲಾರೆ. ಚಿಕಿತ್ಸೆ ಮುಗಿಸಿಕೊಂಡು ಅವಳು ಇನ್ನೂ ಹನ್ನೊಂದು ವರ್ಷ ಗದ್ದೆಗೆ ಹೋಗಿ ಬಂದಳು. ಆ ಒಂದು ತಿಂಗಳ ಹಸಿವಿಗಾಗಿ ನನ್ನನ್ನು ಎಂದೂ ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.